ಅವ್ವನ ಕೈ, ಅಜ್ಜನ ಹೆಸರು

ಯಾರಾದರೂ ಮನೆ ಕಟ್ಟಿಸುತ್ತೇನೆಂದರೆ ಅವರು ಕೇಳಲಿ ಬಿಡಲಿ, ನಾನೊಂದು ಸಲಹೆ ಕೊಟ್ಟೇ ಕೊಡುತ್ತೇನೆ. ಅಡುಗೆಮನೆ ಇಕ್ಕಟ್ಟಾದರೂ ನಡೆಯುತ್ತದೆ, ಬಚ್ಚಲು ಹಿತ್ತಲಲ್ಲಿದ್ದರೂ ನಡೆಯುತ್ತದೆ, ಮುಂದಿನ ಕಟ್ಟೆಯನ್ನು ಮಾತ್ರ ಬರುವ ಮಂದಿಯನ್ನು ನೋಡಿ ಕಟ್ಟಿಸಿ. ಕೂಡುವವರಿಗಿಂತ ಕಟ್ಟೆ ದೊಡ್ಡದಾದರೆ ಆ ಖಾಲಿ ಜಾಗವನ್ನೂ ದಿನಾ ಗುಡಿಸಬೇಕಾಗುತ್ತದೆ, ಗುಡಿಸುವಾಗೆಲ್ಲ ಯಾರು ಬರಲಿಲ್ಲವೆಂಬುದು ನೆನಪಾಗುತ್ತದೆ. ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಅಂಥದೊಂದು ಕಟ್ಟೆಯನ್ನು ದಿನಾ ಸಂಜೆ ಗುಡಿಸಿದವಳು ನಾನು. ಇಂದು ಸದಲಗಾದಿಂದ ಕೊಲ್ಹಾಪುರದವರೆಗೆ ನನ್ನ ಮೊಸರು, ಬೆಣ್ಣೆ ಹೋಗುತ್ತವೆ, ನನ್ನ ಜೊತೆ ಚೌಕಾಸಿಗೆ ಕೂತವರು ಬೆವರು ಒರೆಸಿಕೊಂಡೇ ಏಳುತ್ತಾರೆ. ಆದರೆ ನನ್ನ ಮನೆಯ ಕಟ್ಟೆ ಇಬ್ಬರು ಕೂಡುವಷ್ಟೇ ಇದೆ. ಬೇಕೆಂದೇ ಹಾಗೆ ಕಟ್ಟಿಸಿದ್ದೇನೆ.

ನಾನು ಹುಟ್ಟಿದ ಮನೆ ಸದಲಗಾದಿಂದ ಭೋಜದ ಕಡೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ, ಕುರಿಯವರ ಓಣಿಯ ತಲೆಯಲ್ಲಿತ್ತು. ಕೆಳಗೆ ದೂಧಗಂಗೆಯವರೆಗೂ ಕಬ್ಬು, ಅದು ದೊಡ್ಡ ಒಕ್ಕಲಿನವರದು. ಮೇಲೆ ಕಲ್ಲು, ಹುಲ್ಲು, ನಾಲ್ಕಾರು ಜಾಲಿಗಿಡ. ಅದು ಗಾಯರಾಣ, ದನಕರು ಮೇಯಲೆಂದು ಊರಿಗೆ ಬಿಟ್ಟ ಜಾಗ, ಅಂದರೆ ಲೆಕ್ಕದಲ್ಲಿ ಎಲ್ಲರದೂ, ನಿಜದಲ್ಲಿ ನಮ್ಮ ಕುರಿಗಳದು. ಮನೆಯ ಮುಂದೆ ಓಣಿಯ ಗಂಡಸರೆಲ್ಲ ಕೂಡುವಷ್ಟು ಅಗಲದ ಕಟ್ಟೆ, ಅದರ ಹಿಂದೆ ಪಡಸಾಲೆ, ಪಡಸಾಲೆಯಾಚೆ ಹಗಲಲ್ಲೂ ಕತ್ತಲಿರುವ ಅಡುಗೆಮನೆ, ಹಿತ್ತಲಲ್ಲಿ ಕುರಿಯ ಹಟ್ಟಿ ಮತ್ತು ಒಂದು ಎಮ್ಮೆ. ಅಪ್ಪ ದೀಪಾವಳಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ಕೊಲ್ಹಾಪುರದಾಚೆ ಹೋದರೆ ಮುಂದಿನ ಮಳೆಗೇ ಮುಖ ತೋರಿಸುತ್ತಿದ್ದ. ವರ್ಷದ ಹೆಚ್ಚು ಕಾಲ ಆ ಮನೆಯಲ್ಲಿದ್ದದ್ದು ಅಜ್ಜ, ಅವ್ವ, ನಾನು. ಅಷ್ಟಾದರೂ ಒಂಟಿ ಅನಿಸುತ್ತಿರಲಿಲ್ಲ, ಯಾಕೆಂದರೆ ಕಟ್ಟೆ ಯಾವತ್ತೂ ತುಂಬಿರುತ್ತಿತ್ತು. ಅಜ್ಜ ಓಣಿಯ ಹಿರಿಯ. ಒಬ್ಬನ ಕುರಿ ಇನ್ನೊಬ್ಬನ ಹಿಂಡು ಸೇರಿದರೆ, ಹೆಣ್ಣು ಕೊಟ್ಟ ಮನೆಯಲ್ಲಿ ಜಗಳವಾದರೆ, ಮೇವಿಗೆ ಯಾರು ಯಾವ ದಿಕ್ಕು ಹಿಡಿಯಬೇಕೆಂಬ ತಕರಾರು ಎದ್ದರೆ ಅಜ್ಜ ಕರಿಕಂಬಳಿ ಹಾಸುತ್ತಿದ್ದ. ಆ ಕಂಬಳಿಯ ಮೇಲೆ ಆಡಿದ ಮಾತು ಮುಗಿದ ಮಾತು.

ಈ ಹಿರೇತನಕ್ಕೆ ಅಜ್ಜನನ್ನು ಯಾರೂ ಆರಿಸಿರಲಿಲ್ಲ. ಅವನ ಅಪ್ಪ ತೀರಿದ ದಿನ ಓಣಿಯ ಮುದುಕರು ಅದೇ ಕಂಬಳಿಯನ್ನು ಮಡಿಚಿ ಅವನ ಹೆಗಲಿಗೆ ಹಾಕಿದರಂತೆ, ಅಷ್ಟೇ. ಆಮೇಲೆ ಮಂಡಲ ಪಂಚಾಯಿತಿ ಬಂತು. ಡಬ್ಬಿಯಲ್ಲಿ ಚೀಟಿ ಹಾಕಬೇಕು, ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳಬೇಕು ಎಂದರು. ಓಣಿಯಿಂದ ಅಜ್ಜನೊಬ್ಬನೇ ನಿಂತ, ಎದುರಿಗೆ ಯಾರೂ ನಿಲ್ಲಲಿಲ್ಲ, ಡಬ್ಬಿ ತೆರೆಯುವ ಕೆಲಸವೇ ಬೀಳಲಿಲ್ಲ. ಕಂಬಳಿಯ ಹಿರಿಯನೇ ಸರಕಾರದ ಮೆಂಬರನೂ ಆದ. ಅದೂ ಹೋಗಿ ಗ್ರಾಮ ಪಂಚಾಯಿತಿ ಬಂದಾಗ ಮಾತ್ರ ಪೇಚಾಯಿತು. ನಮ್ಮ ಓಣಿಯ ಜಾಗ ಹೆಣ್ಣುಮಕ್ಕಳಿಗೆ ಮೀಸಲು ಎಂದು ಡಂಗುರ ಸಾರಿದರು. ಅಂದು ಸಂಜೆ ಕಟ್ಟೆ ತುಂಬಿತು. ಅವ್ವ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು, ನಾನು ಅವಳ ಸೀರೆಯ ಹಿಂದೆ. ಮಾತೆತ್ತಿದವನು ಸತ್ಯಪ್ಪ, ಓಣಿಯ ತರುಣರ ಮುಂದಾಳು.

“ಹಿರೇತನ ಈ ಮನಿ ಬಿಟ್ಟ ಹೋಗಬಾರ್ದು. ಸರಕಾರಕ್ಕ ಹೆಣಮಗಳ ಬೇಕಂದ್ರ ಕಸ್ತೂರಿ ವೈನಿನ್ನ ನಿಂದ್ರಸೂನು.” ಕಸ್ತೂರಿ ವೈನಿ ಅಂದರೆ ನನ್ನ ಅವ್ವ.

“ಆಕಿನ್ನ ಕೇಳೀರೇನ್ರೋ?” ಎಂದಳು ಎದುರುಮನೆಯ ಹೌಸವ್ವಾಯಿ. ಗಂಡಸರ ನಡುವೆ ಕೂತು ಎಲೆ ಅಡಿಕೆ ಹಾಕಿಕೊಳ್ಳುವ ಧೈರ್ಯ ಓಣಿಯಲ್ಲಿ ಅವಳೊಬ್ಬಳಿಗೇ ಇತ್ತು.

“ಕೇಳೂದೇನೈತಿ ಆಯಿ? ಪಂಚಾಯತ್ಯಾಗ ಮಾತಾಡೂ ಕೆಲಸ ಗಂಡಸರದು. ವೈನಿ ಕೈ ಎತ್ತಿದ್ರ ಸಾಕ.”

ಕೈ ಎತ್ತಿದರೆ ಸಾಕು. ಆ ಮಾತಿಗೆ ಎಲ್ಲರೂ ತಲೆಯಾಡಿಸಿದರು. ವ್ಯಾಪಾರದಲ್ಲಿ ಯಾರಾದರೂ ‘ಇಷ್ಟೇ ಸಾಕು’ ಎಂದಾಗ ನಾನು ಇವತ್ತಿಗೂ ಒಂದು ಉಸಿರು ನಿಲ್ಲುತ್ತೇನೆ. ಸಾಕು ಎಂದು ಒಪ್ಪಿಕೊಂಡದ್ದೇ ಮುಂದೆ ಕುತ್ತಿಗೆಗೆ ಬರುವುದು.

ಅವ್ವನ ಕೈಯ ವಿಷಯ ಇಲ್ಲಿ ಹೇಳಿಬಿಡಬೇಕು. ಅಜ್ಜನ ಹೆಸರು ಬಾಳಪ್ಪ. ಆ ಹೆಸರನ್ನು ಅವ್ವ ಬಾಯಲ್ಲಿ ಹಿಡಿಯುವುದಂತೂ ದೂರ, ಕಿವಿಗೆ ಬಿದ್ದರೆ ಸಾಕು, ಅವಳ ಬಲಗೈ ತಾನಾಗಿ ಮೇಲೆ ಹೋಗಿ ಸೆರಗನ್ನು ತಲೆಯ ಮೇಲೆ ಎಳೆಯುತ್ತಿತ್ತು. ಮಾವನ ಹೆಸರು ಕೇಳಿದ ಸೊಸೆ ಹಾಗೆ ಮಾಡುವುದು ನಮ್ಮ ಓಣಿಯ ರೀತಿ. ಉಳಿದ ಹೆಂಗಸರು ನೆನಪಾದಾಗ ಮಾಡುತ್ತಿದ್ದರು, ಅವ್ವನಿಗೆ ಅದು ಕಣ್ಣು ಮಿಟುಕಿಸಿದ ಹಾಗಾಗಿತ್ತು. ಓಣಿಯವರು ಅಜ್ಜನನ್ನು ‘ಹಿರ್ಯಾ’ ಎಂದೇ ಕರೆಯುತ್ತಿದ್ದರಿಂದ ಆ ಹೆಸರು ಮನೆಯಲ್ಲಿ ಕೇಳಿಬರುತ್ತಿದ್ದದ್ದು ಟಪಾಲಿನವನು ಬಂದಾಗ, ಇಲ್ಲವೆ ನಾನು ಕಿಡಿಗೇಡಿತನ ಮಾಡಿದಾಗ. ಅವ್ವ ರೊಟ್ಟಿ ಬಡಿಯುತ್ತಿರುವಾಗ ಹಿಂದಿನಿಂದ ಹೋಗಿ ಮೆಲ್ಲಗೆ ‘ಬಾಳಪ್ಪ’ ಎನ್ನುತ್ತಿದ್ದೆ. ಹಿಟ್ಟಿನ ಕೈ ತಲೆಗೆ ಹೋಗಿ ಕೂದಲೆಲ್ಲ ಬೆಳ್ಳಗಾಗುತ್ತಿತ್ತು.

“ನಿನ್ನ ನಾಲಿಗಿಗಿ ಬರಿ ಎಳೀತೀನಿ ನೋಡ ಶೋಭಾ! ಅಜ್ಜಾರ ಹೆಸರೇನ ಆಡೂ ಚೆಂಡೈತೇನ?”

ಪಡಸಾಲೆಯಲ್ಲಿ ಅಜ್ಜ ಕೆಮ್ಮಿದ ಹಾಗೆ ಮಾಡಿ ನಗುತ್ತಿದ್ದ. ಮೂವರು ಸೇರಿ ನಕ್ಕದ್ದೆಂದರೆ ನನಗೆ ನೆನಪಿರುವುದು ಅದೇ ಆಟ.

ಅವ್ವ ಆರಿಸಿ ಬಂದಳು. ಮುಂದೆ ಮೆಂಬರುಗಳು ಸೇರಿ ತಮ್ಮಲ್ಲೊಬ್ಬನನ್ನು ಅಧ್ಯಕ್ಷನನ್ನಾಗಿ ಆರಿಸಬೇಕಿತ್ತು. ನಿಂತವರು ಇಬ್ಬರು. ಒಬ್ಬ ಕೆಳಗಿನ ಕಬ್ಬಿನ ತೋಟಗಳ ಧನಿ, ಊರೆಲ್ಲ ‘ಅಣ್ಣಾಸಾಹೇಬ’ ಎಂದು ಕರೆಯುವವನು. ಗಾಯರಾಣವನ್ನು ಸಮ ಮಾಡಿಸಿ ಕಬ್ಬಿನ ಗಾಡಿಗಳು ನಿಲ್ಲುವ ಅಂಗಳ, ತೂಕದ ಕಾಟಾ ಮಾಡಿಸಬೇಕೆಂಬುದು ಅವನ ಲೆಕ್ಕ. ಇನ್ನೊಬ್ಬ ತುಕಾರಾಮ ಎಂಬ ಸಣ್ಣ ಹಿಡುವಳಿಯವನು. ಗಾಯರಾಣಕ್ಕೆ ಕೈ ಹಚ್ಚುವುದಿಲ್ಲ ಎಂದು ಅಜ್ಜನ ಕಂಬಳಿಯ ಮೇಲೆ ಕೂತು ಮಾತು ಕೊಟ್ಟಿದ್ದ. ಎರಡೂ ಕಡೆ ಸಮಸಮ ಮಂದಿ, ಅವ್ವನ ಕೈ ಯಾವ ಕಡೆಗೋ ಅಧ್ಯಕ್ಷಗಿರಿ ಆ ಕಡೆಗೆ. ಆ ದಿನ ಓಣಿಯೇ ಪಂಚಾಯಿತಿಯ ಕಿಟಕಿಗೆ ಮುತ್ತಿತ್ತು. ಹೌಸವ್ವಾಯಿ ನನ್ನನ್ನು ಎತ್ತಿ ಕಿಟಕಿಯ ಕಂಬಿಗೆ ಹಿಡಿದಿದ್ದಳು. ಒಳಗೆ ಕುರ್ಚಿಯ ಮೇಲೆ ಮೈಸೂರು ಕಡೆಯಿಂದ ವರ್ಗವಾಗಿ ಬಂದ ಅಧಿಕಾರಿ, ಸುತ್ತ ಮೆಂಬರುಗಳು, ಮೂಲೆಯಲ್ಲಿ ಅವ್ವ. ಅಧಿಕಾರಿ ಕಾಗದ ನೋಡಿ ಓದಿದ:

“ಮೊದಲನೆಯ ಅಭ್ಯರ್ಥಿ, ಶ್ರೀ ಬಾಳಪ್ಪ. ಇವರ ಪರವಾಗಿರುವವರು ಕೈ ಎತ್ತಿ.”

ಅಣ್ಣಾಸಾಹೇಬನಿಗೆ ಕಾಗದದ ಮೇಲೆ ಬೇರೆ ಹೆಸರಿದೆ, ಅದೂ ಅಜ್ಜನ ಹೆಸರೇ ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅವ್ವನ ಕೈ ಮೇಲೆ ಹೋಯಿತು. ಸೆರಗು ಹಿಡಿಯಿತು, ತಲೆಯ ಮೇಲೆ ಎಳೆಯಿತು, ಕಿವಿಯ ಹಿಂದೆ ಸಿಕ್ಕಿಸಿತು. ಅಷ್ಟರಲ್ಲಿ ಅಧಿಕಾರಿ ಬೆರಳು ತೋರಿಸಿ ಎಣಿಸಿ ಮುಗಿಸಿದ್ದ. ಆಮೇಲೆ ತುಕಾರಾಮನ ಹೆಸರು ಓದಿದಾಗ ಅವ್ವ, ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಹೋದಂತೆ, ತೋಳನ್ನು ನೆಟ್ಟಗೆ ಎತ್ತಿದಳು.

“ಅಮ್ಮಾ, ನೀವಾಗಲೇ ಎತ್ತಿದ್ದೀರಿ. ಒಬ್ಬರಿಗೆ ಒಂದೇ ಸಲ. ಕೈ ಇಳಿಸಿ.”

ಅವ್ವ ಕೈ ಇಳಿಸಿದಳು. ಏನಾಯಿತೆಂದು ಹೇಳಬೇಕಾದರೆ ಅಷ್ಟು ಗಂಡಸರ ಮುಂದೆ ಬಾಯಿ ತೆರೆಯಬೇಕಿತ್ತು, ಅಷ್ಟೇ ಅಲ್ಲ, ಯಾವ ಹೆಸರಿಗೆ ಸೆರಗೆಳೆದೆನೆಂದು ಹೇಳಬೇಕಿತ್ತು. ಅವಳ ತುಟಿ ಅಲುಗಿದ್ದನ್ನಷ್ಟೇ ನಾನು ಕಂಡೆ. ಕಿಟಕಿಯಲ್ಲಿ ನನ್ನನ್ನು ಹಿಡಿದಿದ್ದ ಹೌಸವ್ವಾಯಿಯ ಕೈ ಸಡಿಲಾಯಿತು. ಅವಳು ನನ್ನನ್ನು ಕೆಳಗಿಳಿಸಿ, ಕೈಯನ್ನು ಸೀರೆಗೆ ಒರೆಸಿಕೊಂಡು, ಹಿಂದಿರುಗಿ ನೋಡದೆ ಹೋದಳು. ಆ ಕೈ ಒರೆಸಿಕೊಂಡದ್ದು ನನಗೆ ಅಧ್ಯಕ್ಷ ಯಾರಾದನೆಂಬುದಕ್ಕಿಂತ ಚೆನ್ನಾಗಿ ನೆನಪಿದೆ.

ಅಂದು ಸಂಜೆ ಕಟ್ಟೆಗೆ ಯಾರೂ ಬರಲಿಲ್ಲ. ಮರುದಿನ ನೀರಿಗೆ ಹೋದಾಗ ಅವ್ವ ಹೌಸವ್ವಾಯಿಯನ್ನು ನಿಲ್ಲಿಸಿ ಆದದ್ದನ್ನೆಲ್ಲ ಹೇಳಿದಳು.

“ಮಾವಾರ ಹೆಸರ ಓದಿದ್ರು ಆಯಿ. ಸೆರಗ ಎಳಕೊಂಡೆ. ಅಷ್ಟ.”

“ಹೌದಬೇ, ಅಷ್ಟ. ಆ ಕಡಿ ಒಂದ ಕೈ, ಈ ಕಡಿ ಒಂದ ಕೈ. ಎರಡೂ ದಡಕ್ಕ ಕಾಲ ಚಾಚಿದಾಕಿ ನೀ,” ಎಂದು ಹೌಸವ್ವಾಯಿ ಕೊಡ ಎತ್ತಿಕೊಂಡಳು. ಓಣಿಯಲ್ಲಿ ಅವ್ವನಿಗೆ ‘ಎರಡಕೈ ಕಸ್ತೂರಿ’ ಎಂಬ ಹೆಸರು ಬಿತ್ತು.

ಅಣ್ಣಾಸಾಹೇಬ ಜಾಣ. ನಡೆದದ್ದೇನೆಂದು ಓಣಿಗಿಂತ ಮೊದಲು ತಿಳಿದುಕೊಂಡವನು ಅವನೇ. ಎರಡು ದಿನ ಬಿಟ್ಟು, ಕುರಿಗಳು ಮನೆಗೆ ಮರಳುವ ಹೊತ್ತು ನೋಡಿ, ಓಣಿಯುದ್ದಕ್ಕೂ ಗೆಜ್ಜೆ ಘಲ್ ಘಲ್ ಎನಿಸುತ್ತ ಒಂದು ಚಕ್ಕಡಿ ನಮ್ಮ ಮನೆಯ ಮುಂದೆ ನಿಲ್ಲುವಂತೆ ಮಾಡಿದ. ಅದರಲ್ಲಿ ದೊಡ್ಡ ಬೆಲ್ಲದ ಪೆಂಟೆ. ಹೊಡೆಯುವ ಆಳು ‘ಅಣ್ಣಾಸಾಹೇಬ್ರು ಕಳಿಸ್ಯಾರ’ ಎಂದು ಕೂಗಿ ಹೇಳಿ ಅದನ್ನು ಕಟ್ಟೆಯ ಮೇಲೆ ಇಳಿಸಿಹೋದ. ಮರುದಿನ ಮಧ್ಯಾಹ್ನ ಅಜ್ಜ ಅದನ್ನು ತಲೆಯ ಮೇಲೆ ಹೊತ್ತು ಅವನ ತೋಟದ ಬಾಗಿಲಿಗೆ ಇಟ್ಟು ಬಂದ. ಆದರೆ ಆ ಹೊತ್ತಿಗೆ ಓಣಿಯಲ್ಲಿ ಕೂಸುಗಳು, ನಾಯಿಗಳು ಬಿಟ್ಟರೆ ಯಾರೂ ಇರಲಿಲ್ಲ, ಎಲ್ಲರೂ ಕುರಿಯ ಹಿಂದೆ. ಬಂದದ್ದನ್ನು ಎಲ್ಲರೂ ನೋಡಿದರು, ಹೋದದ್ದನ್ನು ಯಾರೂ ನೋಡಲಿಲ್ಲ. ಇದರಿಂದ ನಾನು ಕಲಿತದ್ದನ್ನು ನಿಮಗೂ ಹೇಳುತ್ತೇನೆ: ಯಾವುದನ್ನಾದರೂ ಹಿಂದಿರುಗಿಸುವುದಿದ್ದರೆ, ತಂದಾಗ ಕಂಡ ಕಣ್ಣುಗಳ ಮುಂದೆಯೇ ಹಿಂದಿರುಗಿಸಿ. ಅದಕ್ಕಾಗಿ ಒಂದು ದಿನ ಕಾಯಬೇಕಾದರೂ ಕಾಯಿರಿ.

ಓಣಿ ನಮ್ಮ ಜೊತೆ ಜಗಳವಾಡಲಿಲ್ಲ. ಜಗಳವಾಡಿದ್ದರೆ ಬಾಗಿಲಿಗಾದರೂ ಬರುತ್ತಿದ್ದರು. ಹೆಪ್ಪು ಕೇಳುವುದನ್ನು ನಿಲ್ಲಿಸಿದರು, ಅಷ್ಟೇ. ಗೊತ್ತಿಲ್ಲದವರಿಗೆ ಇದು ಸಣ್ಣ ಸಂಗತಿ. ನಮ್ಮಲ್ಲಿ ಸಂಜೆ ಹಾಲು ಕಾಯಿಸಿದ ಮೇಲೆ ಹೆಪ್ಪಿಗೆಂದು ಒಂದು ಮನೆಯಿಂದ ಇನ್ನೊಂದು ಮನೆಗೆ ಬಟ್ಟಲು ಓಡಾಡುತ್ತದೆ. ಹೆಪ್ಪು ಇಲ್ಲದ್ದಕ್ಕೇ ಕೇಳುತ್ತಾರೆಂದಲ್ಲ, ಆ ನೆಪದಲ್ಲಿ ಹೊಸಿಲಲ್ಲಿ ನಿಂತು ಸೊಸೆಯರು ಅತ್ತೆಯರ ಮೇಲೆ, ಅತ್ತೆಯರು ಸೊಸೆಯರ ಮೇಲೆ ಎರಡು ಮಾತಾಡಿ ಹೋಗುತ್ತಾರೆ. ನಮ್ಮ ಮನೆಯ ಮೊಸರು ಗಟ್ಟಿ ಎಂದು ಹೆಸರಿತ್ತು. ಅರ್ಧ ಓಣಿಯ ಮೊಸರು ನಮ್ಮ ಮನೆಯ ಹೆಪ್ಪಿನದೇ. ಅವ್ವ ಅಷ್ಟಾದ ಮೇಲೂ ದಿನಾ ಸಂಜೆ ಒಂದು ಬಟ್ಟಲು ಹೆಪ್ಪನ್ನು ಬಾಗಿಲ ಬಳಿಯ ಗೂಡಿನಲ್ಲಿ ತೆಗೆದಿಡುತ್ತಿದ್ದಳು. ಬೆಳಿಗ್ಗೆ ಅದನ್ನು ಮಜ್ಜಿಗೆಗೆ ಸುರಿಯುತ್ತಿದ್ದಳು. ಅಜ್ಜ ದಿನಾ ಕಂಬಳಿ ಹಾಸಿ, ಒಬ್ಬನೇ ಕೂತು, ಕತ್ತಲಾದಾಗ ಮಡಿಚಿಕೊಂಡು ಒಳಗೆ ಬರುತ್ತಿದ್ದ. ನಾನು ಸುತ್ತಲಿನ ಕಟ್ಟೆ ಗುಡಿಸುತ್ತಿದ್ದೆ. ಧೂಳು ಬಿದ್ದಿರುತ್ತಿರಲಿಲ್ಲ, ಯಾರೂ ಕಾಲಿಟ್ಟಿರಲಿಲ್ಲವಲ್ಲ. ಸಾಲೆಯಲ್ಲಿ ಓಣಿಯ ಹುಡುಗಿಯರು ಕುಂಟಬಿಲ್ಲೆಗೆ ನನ್ನನ್ನು ಕರೆಯಲಿಲ್ಲ. ಮಳೆಗೆ ಮುಂಚೆ ಅಪ್ಪ ಬಂದ. ಅವನ ಕುರಿಗಳ ಪಕ್ಕ ಯಾರೂ ಹಟ್ಟಿ ಹಾಕಲಿಲ್ಲ, ಅವನು ನಾಲ್ಕು ದಿನ ಚಿಲುಮೆ ಸೇದಿ, ಯಾರನ್ನೂ ಏನೂ ಕೇಳದೆ ಐನಾಪುರದ ಕಡೆ ಹಿಂಡು ತಿರುಗಿಸಿದ.

ಮನೆಯಲ್ಲಿ ಮಜ್ಜಿಗೆ ಮಿಕ್ಕತೊಡಗಿತು. ನೆಂಟರಿಲ್ಲದ ಮನೆಯಲ್ಲಿ ಎಮ್ಮೆಯ ಹಾಲೂ ಭಾರವಾಗುತ್ತದೆ. ಒಂದು ದಿನ ನಾನು ಅವ್ವನನ್ನು ಕೇಳದೆ ಮಜ್ಜಿಗೆಯ ಮಗೆ ಹೊತ್ತುಕೊಂಡು ಸದಲಗಾದ ಸಂತೆಗೆ ಹೋದೆ. ಅಲ್ಲಿ ನನ್ನನ್ನು ಎರಡಕೈಯವಳ ಮಗಳೆಂದು ಗುರುತಿಸುವವರಿರಲಿಲ್ಲ. ಒಬ್ಬ ಎತ್ತಿನ ವ್ಯಾಪಾರಿ ಕುಡಿದು, ಬಾಯಿ ಒರೆಸಿಕೊಂಡು, ‘ಹುಳಿ ಐತಿ ಪೋರಿ’ ಎಂದು ಮೂಗು ಮುರಿದ. ‘ಹುಳಿ ಇದ್ರ ಇನ್ನೊಂದ ಲೋಟ ಯಾಕ ಚಾಚೀರಿ ಕಾಕಾ?’ ಎಂದೆ. ಸುತ್ತ ನಿಂತವರು ನಕ್ಕರು. ಎಷ್ಟೋ ದಿನಗಳ ಮೇಲೆ ಯಾರೋ ನನ್ನ ಮಾತಿಗೆ ನಕ್ಕದ್ದು. ನಾನು ವ್ಯಾಪಾರಕ್ಕೆ ಇಳಿದದ್ದು ಬಡತನಕ್ಕೆಂದು ಜನ ತಿಳಿದಿದ್ದಾರೆ. ಇಲ್ಲ. ಮಾತಾಡಲು ಮಂದಿ ಬೇಕಾಗಿತ್ತು, ಅದಕ್ಕೆ.

ಮಳೆ ನಿಂತ ಮೇಲೆ ಅಣ್ಣಾಸಾಹೇಬ ಗಾಯರಾಣದ ಠರಾವು, ಅಂದರೆ ಸಭೆಯ ನಿರ್ಣಯ, ತರುತ್ತಾನೆಂಬ ಸುದ್ದಿ ಬಂತು. ಠರಾವಿಗೂ ಕೈ ಎತ್ತುವುದೇ. ಅವನ ಹೆಸರು ಮೊದಲು ಓದುತ್ತಾರೆ, ಆಮೇಲೆ ಕೈ ಕೇಳುತ್ತಾರೆ. ಅಂದು ಊಟವಾದ ಮೇಲೆ ಅಜ್ಜ ಅಡುಗೆಮನೆಯ ಬಾಗಿಲಲ್ಲಿ ಕೂತ. ಮಾವನಾದವನು ಅಲ್ಲಿಯವರೆಗೆ ಬರುತ್ತಿರಲಿಲ್ಲ. ಅವ್ವ ಎದ್ದು ಗೋಡೆಗೆ ಸರಿದಳು.

“ಕಸ್ತೂರಿ, ನನ್ನ ಹೆಸರ ನಿನ್ನ ಕೈಗೆ ಕಟ್ಟಿದ ಹಗ್ಗ ಆಗೈತಿ. ಅದರ ತುದಿ ಅವನ ಕೈಯಾಗೈತಿ. ಎಳದಾಗೊಮ್ಮೆ ನಿನ್ನ ಕೈ ಮ್ಯಾಲ ಹೋಗತೈತಿ. ಹೆಸರ ಹಿಡದ ಕಲಿ.”

“ನನ್ನ ಕಡಿಂದ ಆಗೂದಿಲ್ರಿ ಮಾವಾರ.”

“ಆಗತೈತಿ. ಮೊದಲ ಎಮ್ಮಿ ಮುಂದ ಹೇಳು. ಅದು ಯಾರಿಗೂ ಹೇಳೂದಿಲ್ಲ.”

ಮರುದಿನ ಬೆಳಿಗ್ಗೆಯಿಂದ ಹಿತ್ತಲಲ್ಲಿ ಎಮ್ಮೆ ಕರೆಯುವಾಗ ಅವ್ವನ ತುಟಿಯಿಂದ ಒಂದು ಸದ್ದು ಕೇಳತೊಡಗಿತು. ಮೊದಮೊದಲು ಬರೀ ‘ಬಾ’. ಎಮ್ಮೆ ತನ್ನನ್ನೇ ಕರೆದಳೆಂದು ಕಿವಿ ನಿಮಿರಿಸುತ್ತಿತ್ತು. ಆಮೇಲೆ ‘ಬಾಳ’. ಅಲ್ಲಿಗೆ ಕೈ ಕೆಚ್ಚಲು ಬಿಟ್ಟು ತಲೆಗೆ ಹೋಗುತ್ತಿತ್ತು, ಹಾಲು ನೆಲಕ್ಕೆ. ನಾನು ಹಿಂದೆ ಆಡುತ್ತಿದ್ದ ಆಟವನ್ನು ಅವಳು ತಾನೇ ತನ್ನ ಮೇಲೆ ಆಡಿಕೊಳ್ಳುತ್ತಿದ್ದಳು, ನಗು ಮಾತ್ರ ಇರಲಿಲ್ಲ. ಪೂರಾ ಹೆಸರು ಹೊರಬಿದ್ದ ದಿನ ಅವಳು ಚೆಂಬನ್ನು ಕೆಳಗಿಟ್ಟು ಎಮ್ಮೆಯ ಪಕ್ಕೆಗೆ ಹಣೆ ಹಚ್ಚಿ ಅತ್ತಳು. ಹೆಸರು ಬಂದಿತ್ತು, ಕೈ ಮಾತ್ರ ಕಲಿತಿರಲಿಲ್ಲ.

ಪಂಚಾಯಿತಿಯ ಕೋಣೆ ಚಿಕ್ಕದೆಂದು ಸಭೆಯನ್ನು ಸಾಲೆಯ ಅಂಗಳದಲ್ಲಿ ಕರೆದಿದ್ದರು. ಓಣಿಯವರೆಲ್ಲ ದೂರದಲ್ಲಿ ಗುಂಪಾಗಿ ನಿಂತಿದ್ದರು. ಅಜ್ಜ ಬೇವಿನ ಗಿಡದ ಕೆಳಗೆ ಒಬ್ಬನೇ. ಅವ್ವ ಮೆಂಬರುಗಳ ಸಾಲಿನ ಕೊನೆಯಲ್ಲಿ ಜಮಖಾನೆಯ ಮೇಲೆ ಕೂತು ನನ್ನನ್ನು ಒತ್ತಿಗೆ ಕೂರಿಸಿಕೊಂಡಳು. ಸೆರಗಿನ ಮರೆಯಲ್ಲಿ ಅವಳ ಬಲಗೈ ನನ್ನ ಮಣಿಕಟ್ಟನ್ನು ಹಿಡಿಯಿತು. ಕಾರ್ಯದರ್ಶಿ ಓದಿದ: ಅಧ್ಯಕ್ಷರಾದ ಶ್ರೀ ಬಾಳಪ್ಪ ಅವರ ಸೂಚನೆಯಂತೆ ಗಾಯರಾಣವನ್ನು ಹೀಗೆ ಹೀಗೆ ಮಾಡುವುದು, ಒಪ್ಪಿಗೆ ಇದ್ದವರು ಕೈ ಎತ್ತಬೇಕು. ನನ್ನ ಮಣಿಕಟ್ಟಿನಲ್ಲಿ ಬಳೆ ಚಿಟ್ ಎಂದು ಒಡೆಯಿತು. ಗಾಜು ಒಳಗೆ ಇಳಿಯಿತು. ಅವ್ವನ ಕೈ ನನ್ನ ಕೈಯನ್ನೂ ಎತ್ತಿಕೊಂಡು ಮೇಲೆ ಹೋಗಲು ನೋಡುತ್ತಿತ್ತು, ನಾನು ಮೈಭಾರವೆಲ್ಲ ಹಾಕಿ ಕೆಳಗೆ ಜಗ್ಗಿದೆ. ಕೈ ಏಳಲಿಲ್ಲ. ಕಾರ್ಯದರ್ಶಿ ಎಣಿಸಿ ಅಧ್ಯಕ್ಷನ ಮುಖ ನೋಡಿದ.

“ಏನ ತಂಗಿ,” ಎಂದ ಅಣ್ಣಾಸಾಹೇಬ ನಗುತ್ತಲೇ, “ವಿರೋಧ ಇದ್ರ ಎದ್ದ ನಿಂತ ಬಾಯಿ ಬಿಟ್ಟ ಹೇಳಬೇಕ. ಯಾರ ಠರಾವಿಗೆ ಅಂತ ಹೆಸರ ಹಿಡದ ಹೇಳು. ಬರಕೋಬೇಕಲ್ಲ?”

ಓಣಿಯ ಸೊಸೆ ಆ ಹೆಸರು ಹೇಳುವುದಿಲ್ಲವೆಂದು ಅವನು ಗಟ್ಟಿಯಾಗಿ ನಂಬಿದ್ದ. ಎದುರಿನವರ ಕೈಲಾಗದ್ದು ಯಾವುದೆಂದು ನೋಡಿ ಅದನ್ನೇ ಬೆಲೆಯಾಗಿ ಕೇಳುವುದು ನಮ್ಮ ಧಂದೆಯಲ್ಲೂ ಇದೆ. ನಾನೂ ಮಾಡಿದ್ದೇನೆ. ಆದರೆ ಹಾಗೆ ಕೇಳಿದ ಮೇಲೆ ಎದುರಿನವರು ಅದನ್ನು ಕೊಟ್ಟುಬಿಟ್ಟರೆ ನಿಮ್ಮ ಹತ್ತಿರ ಮಾತೇ ಉಳಿಯುವುದಿಲ್ಲ. ಅವ್ವ ಎದ್ದಳು. ನಾನೂ ಎದ್ದೆ, ಮಣಿಕಟ್ಟು ಅವಳ ಮುಷ್ಟಿಯಲ್ಲೇ ಇತ್ತು.

“ಬಾಳಪ್ಪ ಅವರ ಠರಾವಿಗೆ ನನ್ನ ಕೈ ಇಲ್ರಿ.”

ಬೇವಿನ ಗಿಡದ ಕೆಳಗೆ ಅಜ್ಜ ತಲೆಯ ರುಮಾಲನ್ನು ಬಿಚ್ಚಿ ಮತ್ತೆ ಸುತ್ತಿಕೊಂಡ. ಠರಾವು ಬಿತ್ತು. ಗಾಯರಾಣ ಉಳಿಯಿತು.

ಆ ಸಂಜೆ ನಾನು ಮಣಿಕಟ್ಟಿಗೆ ಅರಿಶಿನ ಹಚ್ಚಿಸಿಕೊಂಡು, ಕಟ್ಟೆಯನ್ನು ಎಂದಿಗಿಂತ ಮುಂಚೆ ಗುಡಿಸಿ ಕಾದೆ. ಅವ್ವ ಹೆಪ್ಪಿನ ಬಟ್ಟಲನ್ನು ಅಂಚಿನವರೆಗೆ ತುಂಬಿಟ್ಟಿದ್ದಳು. ಗಾಯರಾಣದಿಂದ ಕುರಿಗಳು ಇಳಿದು ನಮ್ಮ ಮನೆಯ ಮುಂದೆಯೇ ಹಾದುಹೋದವು, ಹಿಂದೆ ಕುರಿಯವರು. ಯಾರೂ ನಿಲ್ಲಲಿಲ್ಲ. ಕಾರಣ ಮರುದಿನ ನೀರಿನ ಹತ್ತಿರ ತಿಳಿಯಿತು. ಅದು ಸತ್ಯಪ್ಪನ ತರ್ಕ, ನೆನೆಸಿಕೊಂಡರೆ ಈಗಲೂ ತಲೆದೂಗಬೇಕು.

“ಮಾವನ ಹೆಸರ ಕೇಳಿ ಸೆರಗ ಎಳಕೊಂಡೆ ಅಂತ ಅವತ್ತ ಹೇಳಿದ್ಲು. ಇವತ್ತ ತಾನ ಹೆಸರ ಹಿಡದ ಹೇಳಿದ್ಲಲ್ಲ, ಸೆರಗಿಗೆ ಕೈ ಹೋತೇನ? ಇಲ್ಲ. ಅಂದ್ರ ಅವತ್ತಿಂದೂ ನಾಟಕನ. ಆವಾಗ ಅವನ ಕಡಿ ಇದ್ಲು, ಈಗೇನೋ ಹೊಂದಲಿಲ್ಲ, ಈ ಕಡಿ ಬಂದ್ಲು.”

ನಾನು ಮಣಿಕಟ್ಟಿನ ಗಾಯ ತೋರಿಸಿ ಹೇಳಿದೆ. ‘ಮೆಂಬರನ ಮಗಳು, ಮತ್ತೇನ ಹೇಳ್ಯಾಳು?’ ಎಂದರು. ಗಾಯರಾಣದಲ್ಲಿ ಕುರಿ ಮೇಯಿಸುತ್ತ, ಅದನ್ನು ಉಳಿಸಿದವಳ ಮನೆಯ ಮುಂದೆ ಮುಖ ತಿರುಗಿಸಿಕೊಂಡು ಓಣಿ ಹಾದುಹೋಗುತ್ತಿತ್ತು. ಅವ್ವ ಅಂದಿನಿಂದ ಗೂಡಿನಲ್ಲಿ ಹೆಪ್ಪು ತೆಗೆದಿಡುವುದನ್ನು ಬಿಟ್ಟಳು. ಮೊದಲ ಸಲ ನನಗೆ ಹೆದರಿಕೆಯಾಯಿತು.

ಅಜ್ಜನಿಗೂ ಆಗಿರಬೇಕು. ಕೆಲವು ದಿನಗಳ ಮೇಲೆ ಒಂದು ಸಂಜೆ ಅವನು ಎಂದಿನ ಹಾಗೆ ಕಂಬಳಿ ಹಾಸಿ ಕೂತವನು ಊಟಕ್ಕೆ ಕರೆದರೆ ಏಳಲಿಲ್ಲ. ಆಗಷ್ಟೇ ಕುರಿಗಳು ಇಳಿಯುತ್ತಿದ್ದವು, ಓಣಿಯ ತುಂಬ ಕೆಂಧೂಳು.

“ಅಜ್ಜಾ, ಊಟಕ್ಕ ಬಾ.”

“ನೀ ಕರದ್ರ ಬರೂದಿಲ್ಲ. ನಿಮ್ಮವ್ವ ಕರೀಲಿ.”

ಅವ್ವ ಬಾಗಿಲಿಗೆ ಬಂದಳು, ಕೈಯಲ್ಲಿ ಸಾರಿನ ಸೌಟು. “ಮಾವಾರ, ರೊಟ್ಟಿ ಆರಾಕತ್ತಾವು.”

“ಮಾವಾ ಅಂದ್ರ ಯಾರ? ಈ ಓಣ್ಯಾಗ ಗಡ್ಡ ಬಂದಾವರೆಲ್ಲಾ ಯಾರಿಗರೆ ಮಾವನ. ಹೆಸರ ಹಿಡದ ಕರಿ. ಹಿಡೀದಿದ್ರ ಇಲ್ಲೇ ಉಪವಾಸ.”

ಅಜ್ಜ ಬೇಕೆಂದೇ ಗಟ್ಟಿಯಾಗಿ ಕೂಗಿ ಹೇಳಿದ್ದ. ಕುರಿಯವರ ನಡೆ ನಿಧಾನವಾಯಿತು. ಎದುರು ಮನೆಯ ಹೌಸವ್ವಾಯಿ ಎಲೆಯ ಸಂಚಿ ಹಿಡಿದು ಹೊರಗೆ ಬಂದಳು. ತಿಂಗಳುಗಳ ಮೇಲೆ ಅವಳು ನಮ್ಮ ಮನೆಯ ದಿಕ್ಕಿಗೆ ಮಾತು ಎಸೆದದ್ದು ಅಂದೇ.

“ಹಿರ್ಯಾ, ತಲಿ ನೆಟ್ಟಗೈತೇನ ನಿಂದು? ಸೊಸಿ ಬಾಯಾಗ ಹೆಸರ ಹಿಡಸ್ತೀ?”

“ನೆಟ್ಟಗಿಲ್ಲ. ನಿಂತ ನೋಡ ಬಾ.”

ಅವ್ವ ಅಳುವವಳ ಹಾಗೆ ನಿಂತಿದ್ದಳು. ಅಜ್ಜ ಅವಳ ಕಡೆ ತಿರುಗಲಿಲ್ಲ, ಓಣಿಯ ಕಡೆ ನೋಡುತ್ತ ಕಂಬಳಿಯ ಎಳೆ ಕೀಳುತ್ತಿದ್ದ. ನಾನು ಮಣಿಕಟ್ಟು ಚಾಚಿ ಅವಳ ಬಳಿ ಸರಿದೆ. ಅಜ್ಜ ನನ್ನನ್ನು ತೋಳು ಹಿಡಿದು ತನ್ನತ್ತ ಎಳೆದುಕೊಂಡ. ಆಗ ನನಗೆ ಅರ್ಥವಾಯಿತು, ಈ ಸಲ ಅವ್ವನ ಕೈಯನ್ನು ಹಿಡಿದುಕೊಳ್ಳಲು ಯಾರೂ ಇರಬಾರದು.

“ಬಾಳಪ್ಪಾರ,” ಎಂದಳು ಅವ್ವ, “ಊಟಕ್ಕ ಬರ್ರಿ.”

ಹೆಸರು ಮುಗಿಯುವ ಮೊದಲೇ ಬಲಗೈ ಮೇಲೆ ಹೋಗಿತ್ತು, ಸೌಟಿನ ಸಮೇತ. ಹುಳ್ಳಿಕಾಳಿನ ಸಾರು ಸೆರಗಿನ ಮೇಲೆ, ಬೈತಲೆಯ ಮೇಲೆ, ಅಲ್ಲಿಂದ ಹಣೆಯ ಕುಂಕುಮದ ಮೇಲೆ ಇಳಿಯಿತು. ಅವ್ವ ಸೌಟು ಹಿಡಿದ ಕೈಯಿಂದಲೇ ಸೆರಗನ್ನು ಎಳೆದು ಕಿವಿಯ ಹಿಂದೆ ಸಿಕ್ಕಿಸಿ, ಆಮೇಲೆ ತಾನೇನು ಮಾಡಿದೆನೆಂದು ಕೈಯನ್ನು ನೋಡಿಕೊಂಡಳು. ಹೌಸವ್ವಾಯಿ ಬಾಯಿಗೆ ಸೆರಗು ಒತ್ತಿಕೊಂಡಳು, ತಡೆಯಲಾಗಲಿಲ್ಲ, ಎಲೆಯ ರಸ ಸಿಡಿಯುವ ಹಾಗೆ ನಕ್ಕಳು. ಹಿಂದೆ ಯಾರೋ ನಕ್ಕರು. ಸತ್ಯಪ್ಪ ನಗಲಿಲ್ಲ. ಅವನು ಅವ್ವನ ಕೈಯನ್ನೇ ಬಹಳ ಹೊತ್ತು ನೋಡಿ, ಕುರಿಗಳನ್ನು ಸುಮ್ಮನೆ ಗದರಿಸಿಕೊಂಡು ಮುಂದೆ ನಡೆದ. ಯಾರೂ ತಪ್ಪಾಯಿತೆನ್ನಲಿಲ್ಲ, ಯಾರೂ ಕಟ್ಟೆ ಹತ್ತಲಿಲ್ಲ. ಧೂಳು ಕೂತ ಮೇಲೆ ಅಜ್ಜ ಕಂಬಳಿ ಮಡಿಚಿ ಒಳಗೆ ಬಂದು, ತಣ್ಣಗಾದ ರೊಟ್ಟಿಯನ್ನು ಉಳಿದ ಸಾರಿನಲ್ಲಿ ಮುರಿದುಕೊಂಡು ತಿಂದ. ಆ ಹೆಸರನ್ನು ಅವ್ವ ತನ್ನ ಜೀವಮಾನದಲ್ಲಿ ಮತ್ತೆ ಹಿಡಿಯಲಿಲ್ಲ.

ಮರುದಿನ ಸಂಜೆ ನಾನು ಕಸಬರಿಗೆ ಹಿಡಿದು ಹೊರಗೆ ಹೋದಾಗ ಕಟ್ಟೆಯ ಅಂಚಿನಲ್ಲಿ ಅಲ್ಯುಮಿನಿಯಮ್ಮಿನ ಒಂದು ಜರ್ಮನ್ ಬಟ್ಟಲಿತ್ತು, ಖಾಲಿ. ಇಟ್ಟವರು ಕಾಣಲಿಲ್ಲ. ಓಣಿಯ ಎಲ್ಲ ಮನೆಗಳಲ್ಲೂ ಅಂಥ ಬಟ್ಟಲಿದ್ದವು. ಅವ್ವನನ್ನು ಕರೆದೆ. ಅವಳು ಅದನ್ನು ನೋಡಿದಳು, ಒಳಗೆ ಒಯ್ದು ಹೆಪ್ಪು ತುಂಬಿ ತಂದು, ಎಲೆ ಮುಚ್ಚಿ ಅದೇ ಜಾಗದಲ್ಲಿಟ್ಟಳು. ನಾನು ಕಂಬದ ಮರೆಯಲ್ಲಿ ನಿಂತೆ, ಯಾರು ಬರುತ್ತಾರೋ ನೋಡೇಬಿಡುತ್ತೇನೆಂದು.

“ಒಳಗ ಬಾ ಶೋಭಾ.”

“ಯಾರ ಅಂತ ನೋಡತೀನಬೇ.”

“ನೀ ನಿಂತ ನೋಡಿದ್ರ ಅವರು ಬರೂದಿಲ್ಲ. ಬಾ.”

ಒಳಗೆ ಹೋದೆ. ಅವ್ವ ಬಾಗಿಲು ಮುಂದೂಡಿದಳು, ಅಗಳಿ ಹಾಕಲಿಲ್ಲ. ಮೂವರೂ ಉಂಡೆವು, ಹೊರಗಿನ ಸಣ್ಣ ಸದ್ದಿಗೂ ಮೂವರ ಕೈಯೂ ತುತ್ತಿನ ಮೇಲೆ ನಿಲ್ಲುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಬಟ್ಟಲು ಇರಲಿಲ್ಲ. ಅದು ಕೂತಿದ್ದಲ್ಲಿ ಕಲ್ಲಿನ ಮೇಲೆ ಮೊಸರಿನ ಒಂದು ಬಿಳಿ ಉಂಗುರ ಒಣಗಿತ್ತು. ಆ ಸಂಜೆ ಅಷ್ಟು ಜಾಗ ಬಿಟ್ಟು ಉಳಿದ ಕಟ್ಟೆಯನ್ನು ಗುಡಿಸಿದೆ.